ಶೇವಂತೆವ್ವ ಕಂಡ ಮೂರು ಹಡಗು

ಬಸವನ ಬಾಗೇವಾಡಿಯಲ್ಲಿ ಯಾರಿಗಾದರೂ ಪ್ರವಾಸಿ ಹಡಗಿನ ಬಗ್ಗೆ ತಿಳಿಯಬೇಕೆನಿಸಿದರೆ ಅವರು ಮೊಬೈಲು ತಡಕಾಡುವುದಿಲ್ಲ. ಬಸ್ ನಿಲ್ದಾಣದ ಎದುರಿನ ಖಾನಾವಳಿಯ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಒಲೆಯ ಮುಂದೆ ಕುಳಿತು, ತಲೆ ಎತ್ತದೆ ಜೋಳದ ರೊಟ್ಟಿ ಬಡಿಯುತ್ತಿರುವವಳೇ ಶೇವಂತೆವ್ವ. ವಯಸ್ಸು ಐವತ್ತಾರು. ಊರು ಗೊಳಸಂಗಿ. ಗಂಡ ಧೂಳಪ್ಪ ಕುರಿ ಮೇಯಿಸುತ್ತಾನೆ. ಅವಳು ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ ಸಮುದ್ರದ ವಾಸನೆಯೂ ಬಾರದ ಈ ಸೀಮೆಯಲ್ಲಿ, ಒಂದೇ ಕಂಪನಿಯ ಮೂರು ಹಡಗುಗಳಲ್ಲಿ ದುಡಿದು, ಉಂಡು, ಮಲಗಿ ಎದ್ದು ಬಂದವಳು ಅವಳೊಬ್ಬಳೇ.

"ಯಾವ ಹಡಗ ಚಲೋ ಐತಿ, ಶೇವಂತೆವ್ವ?" ಎಂದು ಕೇಳಿದರೆ ಅವಳ ಕೈ ನಿಲ್ಲುವುದಿಲ್ಲ.

"ಯಾರ ಹೊಂಟಾರ, ಅದನ್ನ ಮೊದಲ ಹೇಳ್ರಿ" ಎನ್ನುತ್ತಾಳೆ. "ಹರೇದವರಿಗೆ ಒಂದು, ಮುದುಕರಿಗೆ ಒಂದು. ಎಲ್ಲಾರಿಗೂ ಚಲೋ ಅನ್ನೂ ಹಡಗ ನಾ ನೋಡಿಲ್ಲ."

ಬಣ್ಣದ ಪುಸ್ತಿಕೆ ಹಂಚುವ ಏಜೆಂಟರು ಹತ್ತು ವರ್ಷ ಅಂಗಡಿ ನಡೆಸಿದರೂ ಈ ಒಂದು ಪ್ರಶ್ನೆ ಅವರಿಗೆ ಹೊಳೆದಿರುವುದಿಲ್ಲ. ಅವರು ಈಜುಕೊಳ ಎಷ್ಟು, ನಾಟಕಶಾಲೆಯಲ್ಲಿ ಕುರ್ಚಿ ಎಷ್ಟು ಎಂದು ಒದರುತ್ತಾರೆ. ಶೇವಂತೆವ್ವ ಮನುಷ್ಯರಿಂದ ಶುರುಮಾಡುತ್ತಾಳೆ.

ಅವಳನ್ನು ಸಮುದ್ರಕ್ಕೆ ಕರೆದೊಯ್ದದ್ದು ರೊಟ್ಟಿಯೇ. ಬಾಗೇವಾಡಿಯ ಸಿದ್ದಾರೂಢ ಮೊದಲು ಕಾಶಿ, ಶಿರ್ಡಿ, ಶ್ರೀಶೈಲಕ್ಕೆ ಬಸ್ಸು ಬಿಡುತ್ತಿದ್ದವನು. ಆಮೇಲೆ ಮುಂಬೈಯಿಂದ ಹೊರಟು ಗೋವಾ, ಲಕ್ಷದ್ವೀಪ, ಕೊಚ್ಚಿ ಮುಟ್ಟಿ ಬರುವ ಐದು ದಿನದ ಹಡಗಿನ ಪ್ರವಾಸ ಆರಂಭಿಸಿದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನಿಂದ ಉತ್ಸಾಹದಲ್ಲಿ ಹೊರಟ ಮೊದಲ ತಂಡ ಮುಖ ಗಂಟು ಹಾಕಿಕೊಂಡು ವಾಪಸಾಯಿತು. ಮುದ್ದೇಬಿಹಾಳದ ಒಬ್ಬ ವಕೀಲರಂತೂ ಬಸ್ಸಿಳಿಯುವಾಗಲೇ ಹೇಳಿದರು: "ಸಮುದ್ರ ಭಾಳ ಚಲೋ ಐತಿ ಸಿದ್ದಾರೂಢ. ಆದ್ರ ಐದು ದಿನ ಉಪವಾಸ ಇದ್ದಂಗಾತು." ಐವತ್ತು ಬಗೆಯ ತಿನಿಸು ಜೋಡಿಸಿದ್ದ ಮೇಜಿನ ಮುಂದೆ ನಿಂತು ಹಸಿದು ಬರಲು ನಮ್ಮ ಕಡೆಯವರಿಗೆ ಮಾತ್ರ ಸಾಧ್ಯ.

ಸಿದ್ದಾರೂಢ ದಿನಾ ಉಣ್ಣುತ್ತಿದ್ದದ್ದು ಇದೇ ಖಾನಾವಳಿಯಲ್ಲಿ. ಮರುವರ್ಷ ಅವನು ಹಡಗಿನ ಕಂಪನಿಯವರಿಗೆ ಬರೆದು, ಕಾಡಿ, ತಂಡದ ಜೊತೆ ಒಬ್ಬ ಅಡುಗೆಯವಳನ್ನು ಕರೆತರಲು ಒಪ್ಪಿಗೆ ಪಡೆದ. ಕಚೇರಿಯ ಮುಂದೆ ಆಳೆತ್ತರದ ಫಲಕ ಬಂತು: 'ನಡುಸಮುದ್ರದಾಗ ಬಿಸಿ ರೊಟ್ಟಿ.' ವಾರದೊಳಗೆ ಸೀಟು ಭರ್ತಿಯಾದವು.

ಆ ಕಂಪನಿಯ ಹಡಗುಗಳಿಗೆ ರತ್ನಗಳ ಹೆಸರು. ಇಂಗ್ಲಿಷಿನಲ್ಲಿ ಏನೇನೋ ಉದ್ದದ ಹೆಸರಿದ್ದವು. ಶೇವಂತೆವ್ವ ಮಾತ್ರ ಮುತ್ತು, ಹವಳ, ಪಚ್ಚೆ ಎಂದು ಕರೆದಳು. ಈಗ ನಾಲ್ಕೂ ತಾಲೂಕಿನಲ್ಲಿ ಅದೇ ಹೆಸರು ನಡೆಯುತ್ತದೆ.

ಮೊದಲು ಹತ್ತಿದ್ದು ಮುತ್ತು. ಅದು ಕಂಪನಿಯ ಹಳೆಯ ಹಡಗು. ಮುಂಬೈ ಬಂದರಿನಲ್ಲೇ ಕಾವಲಿನವರು ಅವಳ ರೊಟ್ಟಿ ಬೇಯಿಸುವ ಹಂಚನ್ನು ತಡೆದರು. ಒಳಗೆ ಹೋದಮೇಲೆ ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು: ಹಡಗಿನ ಅಡುಗೆಮನೆಯಲ್ಲಿ ಬೆಂಕಿಯೇ ಇಲ್ಲ.

"ಬೆಂಕಿ ಇಲ್ದ ಅಡಗಿ ಮನಿ ಎಂಥಾದ್ದೋ ತಮ್ಮಾ?" ಎಂದು ಅವಳು ಕೇಳಿದ್ದು ಜೈನುದ್ದೀನನನ್ನು. ಅವನು ಅಲ್ಲಿಯ ಹಿರಿಯ ಅಡುಗೆಯವರಲ್ಲೊಬ್ಬ, ಅದೃಷ್ಟಕ್ಕೆ ವಿಜಯಪುರದವನು.

"ಸಮುದ್ರದಾಗ ಬೆಂಕಿ ಹಚ್ಚಬಾರದು ಅಕ್ಕಾ. ಇಲ್ಲಿ ಎಲ್ಲಾ ಕರೆಂಟು. ಇದನ್ನ ನೋಡು" ಎಂದು ಅವನು ಹೊರಸಿನಷ್ಟು ಅಗಲದ, ನಾಲ್ಕು ಬೆರಳು ದಪ್ಪದ ಕಬ್ಬಿಣದ ಹಾಸನ್ನು ತೋರಿಸಿದ. ಶೇವಂತೆವ್ವ ಅದರ ಮೇಲೆ ಅಂಗೈ ಚಾಚಿ ಕಾವು ನೋಡಿದಳು. ಮುಖ ಅರಳಿತು.

ಇನ್ನು ರೊಟ್ಟಿ ಹಾಕಬೇಕು. ಒಲೆಗೆ ಭಂಡಾರ ಹಚ್ಚದೆ ಮೊದಲ ರೊಟ್ಟಿ ಹಾಕಿ ಅವಳಿಗೆ ಗೊತ್ತಿಲ್ಲ. ಸೆರಗಿನ ಗಂಟು ಬಿಚ್ಚಿ, ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಭಂಡಾರವನ್ನು ಧಾರಾಳವಾಗಿ ಕಾದ ಕಬ್ಬಿಣದ ಮೇಲೆ ಉದುರಿಸಿ ಕೈಮುಗಿದಳು. ಹೊಗೆ ಭುಗ್ಗೆಂದು ಎದ್ದಿತು, ಛಾವಣಿಯಲ್ಲಿ ಬೆಂಕಿಯ ಗಂಟೆ ಬಡಿದುಕೊಂಡಿತು, ಹೆಲ್ಮೆಟ್ಟು ಹಾಕಿಕೊಂಡ ಮೂವರು ಪೈಪು ಹಿಡಿದು ಓಡಿಬಂದರು. ಜೈನುದ್ದೀನ ಅವರಿಗೆ ಯಾವ ಭಾಷೆಯಲ್ಲಿ ಏನು ಹೇಳಿದನೋ, ಅವರು ನಗುತ್ತ ವಾಪಸು ಹೋದರು. ಮರುದಿನದಿಂದ ಅವಳು ಕಬ್ಬಿಣ ತಣ್ಣಗಿರುವಾಗಲೇ ಚಿಟಿಕೆ ಭಂಡಾರ ಹಚ್ಚಿ, ಒರೆಸಿ, ಆಮೇಲೆ ಗುಂಡಿ ಒತ್ತಿಸಿದಳು. ದೇವರೂ ಒಪ್ಪಿದ, ಗಂಟೆಯೂ ಸುಮ್ಮನಾಯಿತು.

ಆ ಕಬ್ಬಿಣದ ಮೇಲೆ ಒಮ್ಮೆಗೆ ಎಂಟು ರೊಟ್ಟಿ ಬೇಯುತ್ತಿದ್ದವು. ಒದ್ದೆ ಬಟ್ಟೆಯಿಂದ ಅಂಚನ್ನು ಒತ್ತಿದರೆ ಪುಗ್ಗೆಯಂತೆ ಉಬ್ಬುತ್ತಿದ್ದವು. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದರು ನಮ್ಮವರು. ಪಕ್ಕದ ಸಾಲಿನಲ್ಲಿದ್ದ ಪಂಜಾಬಿನವರು, ಗುಜರಾತಿನವರು ಕೂಡ ಇತ್ತ ಸರಿದು ಬಂದರು.

ಆದರೆ ಶೇವಂತೆವ್ವನನ್ನು ಮೆಚ್ಚಬೇಕಾದದ್ದು ರೊಟ್ಟಿಗಲ್ಲ. ರೊಟ್ಟಿ ನಮ್ಮ ಕಡೆ ಸಾವಿರ ಮಂದಿಗೆ ಬರುತ್ತದೆ. ಮೆಚ್ಚಬೇಕಾದದ್ದು ಅವಳ ಕಣ್ಣಿಗೆ. ಕುರಿ ಕೊಳ್ಳುವಾಗ ಧೂಳಪ್ಪ ಉಣ್ಣೆ ನೋಡಿ ಮರುಳಾಗುವವನಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಕಾಲೆತ್ತಿ ಗೊರಸು ನೋಡುತ್ತಾನೆ. ಅವಳೂ ಹಾಗೆಯೇ ಹಡಗು ನೋಡಿದಳು. ಕೆಲಸದವರು ಏನು ಉಣ್ಣುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ. ಬಚ್ಚಲಿನ ನೀರು ಎಷ್ಟು ಬೇಗ ಇಳಿಯುತ್ತದೆ. ಮೆಟ್ಟಿಲಿನಲ್ಲಿ ವಯಸ್ಸಾದವರ ಕೈ ಹಿಡಿಕೆಗೆ ಸಿಗುತ್ತದೋ ಇಲ್ಲವೋ. ಮಿಕ್ಕ ಅನ್ನವನ್ನು ಏನು ಮಾಡುತ್ತಾರೆ.

ಮುತ್ತಿನ ಬಗ್ಗೆ ಅವಳ ತೀರ್ಪು ಹೀಗಿತ್ತು. ಒಳಗೆಲ್ಲ ಕಟ್ಟಿಗೆಯ ಗೋಡೆ, ಹಿತ್ತಾಳೆಯ ಹಿಡಿಕೆ, ಗುಲಾಬಿ ಹೂವಿನ ಜಮಖಾನ. ದೊಡ್ಡ ವಾಡೆಯೊಳಗೆ ಹೊಕ್ಕಂತೆ. ಕೆಲಸದವರು ಹಳಬರು, ಎರಡನೇ ದಿನಕ್ಕೆ ಹೆಸರು ಹಿಡಿದು ಮಾತಾಡಿಸುತ್ತಾರೆ, ಅವರಿಗೆ ಹೊಟ್ಟೆ ತುಂಬ ಊಟವಿದೆ. ಆದರೆ ಓಣಿಗಳು ಇಕ್ಕಟ್ಟು, ಲಿಫ್ಟು ಎರಡೇ, ಬಚ್ಚಲಿನ ಬಾಗಿಲಿಗೆ ಗೇಣೆತ್ತರದ ಹೊಸ್ತಿಲು.

ಎರಡು ವರ್ಷದ ಮೇಲೆ ಹವಳ ಹತ್ತಿದಳು. ಹೊಸಾ ಹಡಗು ಅಂತ ಸಿದ್ದಾರೂಢ ಕುಣಿದಾಡಿದ್ದ. ಹತ್ತಿದ ಕಡೆ ಕನ್ನಡಿ, ತಿರುಗಿದ ಕಡೆ ದೀಪ, ಮೂಲೆಮೂಲೆಗೂ ಹಾಡು. ಹಾಸಿಗೆಯ ಮೇಲೆ ಟವೆಲನ್ನು ಮಡಚಿ ಆನೆ, ಮಂಗ ಮಾಡಿ ಇಡುತ್ತಿದ್ದರು. ಸಿಂದಗಿಯ ತರುಣರಿಗೆ ಸ್ವರ್ಗ ಸಿಕ್ಕಂತಾಯಿತು, ಜಾರುಬಂಡೆಯಿಂದ ನೀರಿಗೆ ಬಿದ್ದದ್ದೇ ಬಿದ್ದದ್ದು. ಶೇವಂತೆವ್ವ ಮಾತ್ರ ಕೆಲಸದವರ ಊಟದ ಕೋಣೆಗೆ ಹೋಗಿ ಅಲ್ಲಿಯ ಸಾರಿನ ಬಣ್ಣ ನೋಡಿ ಬಂದಳು.

"ಮ್ಯಾಲೆ ದೀಪಾವಳಿ, ಕೆಳಗ ಅಮಾಸಿ" ಅಂದಳು ಊರಿಗೆ ಬಂದು. "ಹುಡುಗರಿಗೆ ಬೇಷ್ ಐತಿ. ಹವಾ ಅಂತೂ ಎಷ್ಟು ತಣ್ಣಗ ಬಿಡ್ತಾರಂದ್ರ, ಉಳದವರು ಕಂಬಳಿ ಒಯ್ಯಬೇಕು."

ಮೂರನೆಯದು ಪಚ್ಚೆ. ಅದರ ಬಗ್ಗೆ ಮಾತ್ರ ಅವಳು ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ, "ಎರಡ ದಿನ ಹೋಗಿದ್ದೆ, ಐತಿ ದೊಡ್ಡದು" ಎಂದು ಮಾತು ಹಾರಿಸುತ್ತಿದ್ದಳು. ಯಾಕೆಂದರೆ ಪಚ್ಚೆಯಲ್ಲಿ ಅವಳ ಮಾನ ಹೋಗಿತ್ತು.

ಸಿಂದಗಿಯ ಒಂದು ಮದುವೆಯ ತಂಡದೊಂದಿಗೆ ಅದಕ್ಕೆ ಹೋಗಿದ್ದಳು. ಪಚ್ಚೆಯ ಅಡುಗೆಮನೆಯಲ್ಲಿ ಕಬ್ಬಿಣದ ಹಾಸಿರಲಿಲ್ಲ. ಕನ್ನಡಿಯಂತಹ ಕರಿಯ ಗಾಜು. ಅದರ ಮೇಲೆ ಪಾತ್ರೆ ಇದ್ದರೆ ಮಾತ್ರ ಕಾಯುತ್ತದೆ, ಎತ್ತಿದ ಕೂಡಲೇ ಆರುತ್ತದೆ, ಸ್ವಲ್ಪ ಹೆಚ್ಚು ಕಾದರೂ ತಾನೇ ಬಂದ್ ಆಗುತ್ತದೆ. ಮುತ್ತಿನಿಂದ ಅಲ್ಲಿಗೆ ಬದಲಿಯಾಗಿದ್ದ ಜೈನುದ್ದೀನ ತನ್ನಲ್ಲಿದ್ದ ತವೆಯನ್ನೆಲ್ಲ ತಂದು ಕೊಟ್ಟ. ಜೋಳದ ರೊಟ್ಟಿ ಬೇಡುವ ಒಂದೇ ಹದದ ಬಲವಾದ ಕಾವು ಯಾವುದರಲ್ಲೂ ಬರಲಿಲ್ಲ. ಮೊದಲ ರೊಟ್ಟಿ ಬಿರಿಯಿತು. ಎರಡನೆಯದು ಹಸಿ ಉಳಿಯಿತು. ಇಪ್ಪತ್ತು ರೊಟ್ಟಿ ಹಾಳಾದ ಮೇಲೆ ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ನಲವತ್ತು ವರ್ಷ ರೊಟ್ಟಿ ಬಡಿದವಳಿಗೆ ಹೊಸದಾಗಿ ಬಂದ ಸೊಸೆಯ ಗತಿಯಾಯಿತು. ಒಲೆ ಕೆಟ್ಟಿದೆಯೆಂದು ಸಿದ್ದಾರೂಢ ಹೇಳಿದ್ದನ್ನು ನಂಬಿ ಬೀಗರು ಬ್ರೆಡ್ಡು ತಿಂದರು.

"ಅಕ್ಕಾ, ಇದು ನಿನ್ನ ತಪ್ಪಲ್ಲ" ಎಂದು ಜೈನುದ್ದೀನ ಸಮಾಧಾನ ಮಾಡಿದ. "ಇಷ್ಟು ಸಲ ಹಡಗ ಹತ್ತೀದಿ. ಒಮ್ಮೆರ ಅಡಗಿ ಮನಿ ಬಿಟ್ಟು ನೋಡೀಯೇನ? ಹೋಗು, ಅಡ್ಡಾಡಿ ಬಾ." ಮೇಲಿನವರನ್ನು ಕೇಳಿ ಅತಿಥಿಗಳ ಗುರುತುಚೀಟಿಯ ದಾರವೊಂದನ್ನು ಅವಳ ಕೊರಳಿಗೆ ಹಾಕಿಸಿದ.

ಹೀಗೆ, ತನ್ನಿಂದ ಏನೂ ಬೇಡದ ಆ ಹಡಗನ್ನೇ ಅವಳು ತುದಿಯಿಂದ ತುದಿಗೆ ನೋಡಿದಳು. ಒಂದೂವರೆ ದಿನ ನಡೆದಳು. ಪಚ್ಚೆಯಲ್ಲಿ ಥಳಕು ಇರಲಿಲ್ಲ; ಬಿಳಿ ಗೋಡೆ, ಬೂದು ನೆಲ, ಎಲ್ಲೆಲ್ಲೂ ಬೆಳಕು. ಎರಡು ಗಾಲಿಕುರ್ಚಿ ಎದುರಾದರೂ ತಾಕದಷ್ಟು ಅಗಲದ ಓಣಿಗಳು. ಯಾವ ಅಂತಸ್ತು ಬಂತೆಂದು ಬಾಯಿಬಿಟ್ಟು ಹೇಳುವ ಲಿಫ್ಟುಗಳು, ಕಣ್ಣು ಕಾಣದವರಿಗೆ ಬೆರಳಿಗೆ ಸಿಗುವ ಚುಕ್ಕೆ ಅಕ್ಷರ. ಕೆಲವು ಕೋಣೆಗಳ ಬಚ್ಚಲಿಗೆ ಹೊಸ್ತಿಲೇ ಇಲ್ಲ, ಕುರ್ಚಿ ಸಮೇತ ಒಳಗೆ ಹೋಗಿ ಸ್ನಾನ ಮಾಡಬಹುದು. ಈಜುಕೊಳದ ಬದಿಯಲ್ಲಿ ಒಂದು ತೂಗುಕುರ್ಚಿ. ನಡೆಯಲಾಗದವರನ್ನು ಅದು ಮೆಲ್ಲಗೆ ನೀರಿಗಿಳಿಸಿ ಮತ್ತೆ ಎತ್ತುತ್ತದೆ. ಅದನ್ನು ನೋಡುತ್ತ ಅವಳು ಅರ್ಧ ತಾಸು ನಿಂತಿದ್ದಳು. ಕೆಳಗೆ ಕೆಲಸದವರ ಊಟದ ಕೋಣೆಗೂ ಸಮುದ್ರ ಕಾಣುವ ಕಿಟಕಿಯಿತ್ತು. ಆಗ ಅವಳಿಗೆ ಮನಸ್ಸಿನಲ್ಲೇ ಖಾತ್ರಿಯಾಯಿತು, ಮೂರರಲ್ಲಿ ಇದೇ ದೊಡ್ಡ ಮನಸ್ಸಿನ ಹಡಗು. ತನ್ನನ್ನು ಸೋಲಿಸಿದ್ದೂ ಇದೇ. ಊರಿಗೆ ಬಂದು ಎರಡನ್ನೂ ನುಂಗಿಕೊಂಡಳು.

ಹೋದ ವರ್ಷ ಮತ್ತೆ ಮುತ್ತಿನಲ್ಲೇ ಪ್ರವಾಸ. ಆ ತಂಡದಲ್ಲಿ ಇಂಡಿ ತಾಲೂಕಿನ ಝಳಕಿಯಿಂದ ಬಾಳಮ್ಮ ಬಂದಿದ್ದರು. ಹೆದ್ದಾರಿಯ ಬದಿಗೆ ಅವರ ಯಜಮಾನ ಶ್ರೀಶೈಲಪ್ಪನವರ ಗೊಬ್ಬರ ಬೀಜದ ಅಂಗಡಿ, ಹಿಂದೆ ಲಿಂಬಿ ತೋಟ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಾಳಮ್ಮನವರ ಎಡಗಾಲಿನ ಬಲ ಹೋಗಿತ್ತು. ಸಮುದ್ರ ನೋಡಬೇಕೆಂದು ಗಾಲಿಕುರ್ಚಿಯಲ್ಲೇ ಬಂದರು. ಮುತ್ತಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಿಡಿಸಲಿಲ್ಲ. ಇಬ್ಬರು ಎತ್ತಿ ಒಳಗೆ ಕೂರಿಸಿದರು. ಹೊರಗೆ ಹೋಗಬೇಕೆಂದರೆ ಮತ್ತೆ ಇಬ್ಬರು ಗಂಡಸರು ಎತ್ತಬೇಕು. ಆ ಸಂಕೋಚಕ್ಕೆ ಅವರು ಒಂದೇ ದಿನದಲ್ಲಿ ಸೋತು, "ನನಗ ತಲಿ ತಿರಗತೈತಿ, ಇಲ್ಲೇ ಇರ್ತೇನಿ" ಎಂದು ಸುಳ್ಳು ಹೇಳಿ ಒಳಗೇ ಉಳಿದರು. ಕಿಟಕಿಯಿಲ್ಲದ ಕೋಣೆ. ಐದು ದಿನ.

ಅವರಿಗೆ ರೊಟ್ಟಿ ಒಯ್ಯುತ್ತಿದ್ದವಳು ಶೇವಂತೆವ್ವ. ತುತ್ತು ಮುಗಿಯುವವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದಳು.

"ಹೆಂಗೈತಿ ಇವತ್ತ ಸಮುದ್ರ?" ಎಂದು ಬಾಳಮ್ಮ ದಿನಾ ಕೇಳುತ್ತಿದ್ದರು.

"ಹಸರ ಐತ್ರಿ ಅಕ್ಕಾರ. ನಿನ್ನಿಗಿಂತ ಸುಮ್ಮನೈತಿ" ಎಂದು ಇವಳು ಹೇಳುತ್ತಿದ್ದಳು. ಹಾಗೆ ಹೇಳುವಾಗ ಪಚ್ಚೆಯ ಅಗಲ ಬಾಗಿಲುಗಳು ಅವಳಿಗೆ ನೆನಪಾಗುತ್ತಿದ್ದವು. ಆದರೂ ಪಚ್ಚೆಯ ಹೆಸರು ಎತ್ತಲಿಲ್ಲ. ಅದಕ್ಕಾಗಿ ಅವಳು ತನ್ನನ್ನು ತಾನು ಬೈದುಕೊಂಡದ್ದು ಲೆಕ್ಕವಿಲ್ಲ.

ಈ ವರ್ಷ ದೀಪಾವಳಿ ಮುಗಿದ ಮೇಲೆ ಸಿದ್ದಾರೂಢ ಒಂದು ಭಾನುವಾರ ಮುಂಜಾನೆ ಬಾಗೇವಾಡಿಯ ಕಲ್ಯಾಣಮಂಟಪದಲ್ಲಿ ಸಭೆ ಕರೆದ. ಇದು ಅವನ ಪದ್ಧತಿ. ಬರುವವರನ್ನೆಲ್ಲ ಕೂರಿಸಿ, ಗೋಡೆಯ ಮೇಲೆ ಮೂರೂ ಹಡಗಿನ ಚಿತ್ರ ತೋರಿಸಿ, ಅವರೇ ಕೈಯೆತ್ತಿ ಒಂದನ್ನು ಆರಿಸಬೇಕು. ಚಿತ್ರ ಏನೇ ಇರಲಿ, ಕೊನೆಗೆ ಎಲ್ಲರೂ ತಿರುಗಿ ನೋಡುವುದು ಶೇವಂತೆವ್ವನ ಮುಖವನ್ನೇ.

ಇದು ಗೊತ್ತಿದ್ದೇ ಸಿದ್ದಾರೂಢ ಹಿಂದಿನ ದಿನ ಖಾನಾವಳಿಗೆ ಬಂದಿದ್ದ. ಕೆಟ್ಟವನಲ್ಲ. ಪಚ್ಚೆಯಲ್ಲಿ ಆದದ್ದನ್ನು ಎರಡು ವರ್ಷ ಯಾರಿಗೂ ಹೇಳದೆ ಅವಳ ಮಾನ ಕಾಯ್ದವನು.

"ನೀ ಮುತ್ತು ಚಲೋ ಐತಿ ಅಂತ ಒಂದ ಮಾತು ಅಂದುಬಿಡು, ಸಾಕು" ಅಂದ. "ಬಿಸಿ ರೊಟ್ಟಿ ಇಲ್ಲಂದ್ರ ನಮ್ಮ ಮಂದಿ ಬರೂದಿಲ್ಲ. ಪಚ್ಚೆ ಅಂದ್ರ ನಿನಗೂ ಅಲ್ಲಿ ಕೆಲಸಿಲ್ಲ. ಆವಾಗ ಆದದ್ದನ್ನ ನಾ ಯಾರ ಮುಂದೂ ತಗದಿಲ್ಲ. ನೀನೂ ತಗೀಬ್ಯಾಡ."

"ಹೂಂ" ಅಂದಿದ್ದಳು ಶೇವಂತೆವ್ವ. ಅವಳಿಗೂ ಹೋಗಬೇಕಿತ್ತು. ಮುಚ್ಚಿಡುವುದೇನಿದೆ, ವರ್ಷವಿಡೀ ಒಲೆಯ ಮುಂದೆ ಕೂತವಳಿಗೆ ಆ ಐದು ದಿನ ಜೀವಕ್ಕೆ ಜೀವ. ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಹಡಗಿನ ಹಿಂಭಾಗದಲ್ಲಿ, ಕೆಲಸದವರು ನಿಲ್ಲುವ ಕಟಕಟೆಯ ಹತ್ತಿರ, ಅವಳಿಗೆ ಒಂದು ತಾಸು ಸಿಗುತ್ತಿತ್ತು. ಕಣ್ಣು ಹಾಯುವಷ್ಟೂ ನೀರು. ಯಾರೂ ಅವಳನ್ನು ಕರೆಯುವುದಿಲ್ಲ, ಯಾರಿಗೂ ಏನೂ ಬಡಿಸಬೇಕಿಲ್ಲ. ಆ ಒಂದು ತಾಸಿಗಾಗಿ ಅವಳು ವರ್ಷವೆಲ್ಲ ಕಾಯುತ್ತಿದ್ದಳು. ಪಚ್ಚೆ ಎಂದರೆ ಅದು ಹೋಯಿತು. ಪಚ್ಚೆ ಗೊತ್ತಾದರೆ ಮುಂದಿನ ವರ್ಷವೂ ಪಚ್ಚೆಯೇ, ಅದೂ ಅವಳಿಗೆ ತಿಳಿದಿತ್ತು.

ಸಭೆಯಲ್ಲಿ ನೂರೈವತ್ತು ಮಂದಿ ಸೇರಿದ್ದರು. ಸಿದ್ದಾರೂಢ ಮುತ್ತಿನ ಚಿತ್ರವನ್ನು ಅರ್ಧ ತಾಸು ತೋರಿಸಿದ, ಹವಳವನ್ನು ಹತ್ತು ನಿಮಿಷ, ಪಚ್ಚೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಸಿದ. ನಾಟಕಶಾಲೆ, ಈಜುಕೊಳ ಯಾರಿಗೂ ಬೇಕಿರಲಿಲ್ಲ. ಮುದ್ದೇಬಿಹಾಳದ ವಕೀಲರು ಎದ್ದು ನಿಂತು, "ಅದೆಲ್ಲಾ ಇರಲಿ. ಶೇವಂತೆವ್ವ, ನೀ ಹೇಳು, ಯಾವುದು ಆಗಬೇಕು?" ಎಂದರು. ಎಲ್ಲರೂ ಹಿಂತಿರುಗಿ ನೋಡಿದರು.

ಗೋಡೆಗೆ ಆತು ನಿಂತಿದ್ದ ಶೇವಂತೆವ್ವ ಸೆರಗು ಸರಿಮಾಡಿಕೊಂಡಳು. ಒಪ್ಪಿಕೊಂಡ ಮಾತು ನಾಲಿಗೆಯ ತುದಿಗೇ ಇತ್ತು. ಆದರೆ ವರ್ಷಾನುಗಟ್ಟಲೆಯ ರೂಢಿ, ಬಾಯಿಂದ ಮೊದಲು ಬಂದದ್ದು ಅವಳ ಎಂದಿನ ಪ್ರಶ್ನೆಯೇ.

"ಯಾರ್ ಯಾರ ಹೊಂಟೀರಿ, ಅದನ್ನ ಹೇಳ್ರಿ."

ಒಂದಷ್ಟು ಕೈಗಳು ಎದ್ದವು. ಮೊದಲ ಸಾಲಿನ ಅಂಚಿನಲ್ಲಿ, ಗಾಲಿಕುರ್ಚಿಯಿಂದ, ಬಾಳಮ್ಮನವರ ಬಲಗೈಯೂ ಎದ್ದಿತು.

"ಏ, ನೀ ಎಲ್ಲಿಗೆ?" ಎಂದರು ಹಿಂದೆ ನಿಂತಿದ್ದ ಶ್ರೀಶೈಲಪ್ಪನವರು, ಮೆಲ್ಲಗೆ. "ಹ್ವಾದ ವರ್ಷ ನಿನಗ ತಲಿ ತಿರಗಿತ್ತಲ್ಲ."

"ತಲಿ ತಿರಗಿರಲಿಲ್ರಿ" ಎಂದರು ಬಾಳಮ್ಮ, ಕೈ ಇಳಿಸದೆ. "ಮಂದಿ ಕಡೆ ಎತ್ತಿಸ್ಕೊಳ್ಳಾಕ ನಾಚಿಕಿ ಆಗಿತ್ತು. ಸಮುದ್ರ ನಾ ನೋಡೇ ಇಲ್ಲ. ಶೇವಂತೆವ್ವ, ನಾ ಬರೂ ಹಂತಾ ಹಡಗ ಇದ್ರ ಹೇಳು. ಇಲ್ಲಂದ್ರ ಇಲ್ಲನ್ನು, ಬ್ಯಾಸರಿಲ್ಲ."

ಶೇವಂತೆವ್ವ ಸಿದ್ದಾರೂಢನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಬದಲಾಗುತ್ತಿತ್ತೇನೋ.

"ಐತ್ರಿ" ಅಂದಳು. "ಪಚ್ಚೆ ಐತಿ."

ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ಎರಡು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ಅಗಲವಾದ ಓಣಿ, ಮಾತಾಡುವ ಲಿಫ್ಟು, ಹೊಸ್ತಿಲಿಲ್ಲದ ಬಚ್ಚಲು, ನೀರಿಗಿಳಿಸುವ ಕುರ್ಚಿ, ಕೆಲಸದವರ ಕಿಟಕಿ. "ಮುತ್ತು ಚಂದ ಐತಿ, ಅದರಾಗ ಎರಡ ಮಾತಿಲ್ಲ. ಅದರ ಕಟ್ಟಿಗಿ ಕೆಲಸ ನೋಡ್ಕೋತ ಕೂಡಬೇಕು ಅನಸ್ತೈತಿ. ಹವಳ ಹುಡುಗರ ಪಾಲಿನ ಜಾತ್ರಿ. ಆದ್ರ ಎಲ್ಲಾರ್ನೂ ಕರ್ಕೊಂಡು ಹೋಗೂ ಹಡಗ ಅಂದ್ರ ಪಚ್ಚೇನ. ಕಾಲಿಲ್ದವರಿಗೂ ಅದರಾಗ ಒಂದ ದಾರಿ ಮಾಡ್ಯಾರ. ನಾ ಮೂರನ್ನೂ ನೋಡೀನಿ, ದೇವರ ಮ್ಯಾಲೆ ಆಣಿ."

"ಇಷ್ಟ ದಿನ ಯಾಕ ಹೇಳಲಿಲ್ಲ ಮತ್ತ?" ಎಂದರು ವಕೀಲರು.

"ಅಲ್ಲಿ ನನ್ನ ರೊಟ್ಟಿ ಆಗಲಿಲ್ರಿ" ಅಂದಳು. "ಇಪ್ಪತ್ತ ರೊಟ್ಟಿ ಕೆಡಿಸಿದೆ. ಸಿಂದಗಿ ಬೀಗರು ಬ್ರೆಡ್ ತಿಂದ್ರು. ನಾಚಿಕಿ ಬಂದು ಬಾಯಿ ಮುಚ್ಕೊಂಡೆ. ನನ್ನ ನಾಚಿಕಿ ಸಲವಾಗಿ ಹ್ವಾದ ವರ್ಷ ಈ ಅಕ್ಕಾರು ಐದ ದಿನ ಕತ್ತಲ ಕೋಣ್ಯಾಗ ಕುಂತ್ರು. ತಪ್ಪಾತ್ರಿ."

ಸಿದ್ದಾರೂಢ ತಲೆಗೆ ಕೈಹಚ್ಚಿಕೊಂಡು ಕೂತ. ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಹಿಂದಿನಿಂದ ಯಾರೋ ಕೇಳಿಯೇಬಿಟ್ಟರು: "ಅಂದ್ರ ರೊಟ್ಟಿ ಇಲ್ಲನ್ನು?"

"ರೊಟ್ಟಿ ಯಾಕಿಲ್ಲ?" ಎಂದಳು ಶೇವಂತೆವ್ವ, ಸ್ವಲ್ಪ ಸಿಟ್ಟಿನಿಂದಲೇ. "ನಿಮ್ಮ ಮನ್ಯಾಗ ಕಡಕ ರೊಟ್ಟಿ ತಿಂದಿಲ್ಲೇನು? ತಿಂಗಳಾದ್ರೂ ಕೆಡೂದಿಲ್ಲ. ಇಲ್ಲೇ ಬಡದು, ಒಣಗಿಸಿ, ಡಬ್ಬಿ ತುಂಬಿ ಕೊಡ್ತೇನಿ. ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ತಿನ್ರಿ. ಅದಕ್ಕ ಒಲಿ ಬೇಕಾಗಿಲ್ಲ, ನಾನೂ ಬೇಕಾಗಿಲ್ಲ."

ಕೊನೆಯ ಮಾತನ್ನು ಅವಳು ಮಾಮೂಲಿಯಾಗಿಯೇ ಆಡಿದಳು. ಕೈ ಎತ್ತುವ ಹೊತ್ತಿಗೆ ಪಚ್ಚೆಗೇ ಹೆಚ್ಚು ಕೈ ಬಂದವು. ವಕೀಲರು ಎರಡೂ ಕೈ ಎತ್ತಿದ್ದರೆಂದು ಈಗಲೂ ನಗೆಯಾಡುತ್ತಾರೆ.

ಮುಂದಿನ ಮೂರು ವಾರ ಗೊಳಸಂಗಿಯ ಅವಳ ಅಂಗಳದಲ್ಲಿ ರೊಟ್ಟಿಯದೇ ರಾಜ್ಯ. ಖಾನಾವಳಿಯ ಕೆಲಸ ಮುಗಿಸಿ ಬಂದು ಸಂಜೆಯವರೆಗೆ ಬಡಿದಳು. ಸೊಸೆ ಸುರೇಖಾ ಬೇಯಿಸಿದಳು, ಓಣಿಯ ಸಾಬೀರಾ ಬಂದು ಒಣಗಿಸಿ ಜೋಡಿಸಿದಳು. ಎರಡು ಸಾವಿರಕ್ಕೂ ಹೆಚ್ಚು ರೊಟ್ಟಿ, ಹಾಳೆಯಷ್ಟು ತೆಳುವು, ಒಂದರ ಅಂಚೂ ಸೀಳಿರಲಿಲ್ಲ. ಪಚ್ಚೆ ಹಡಗಿನಲ್ಲಿ ಸೋತದ್ದನ್ನು ಅವಳು ಅಂಗಳದಲ್ಲಿ ಗೆಲ್ಲುತ್ತಿದ್ದಾಳೆಂದು ನೋಡಿದವರಿಗೇ ತಿಳಿಯುತ್ತಿತ್ತು.

ಹೊರಡುವ ದಿನ ಬಾಗೇವಾಡಿಯಲ್ಲಿ ಡಬ್ಬಿಗಳನ್ನು ಬಸ್ಸಿನ ಕೆಳಗಿನ ಗೂಡಿಗೆ ತಾನೇ ನಿಂತು ಹಾಕಿಸಿದಳು. ಝಳಕಿಯಿಂದ ಬಂದ ಬಾಳಮ್ಮ ಅವಳ ಕೈ ಹಿಡಿದುಕೊಂಡರು. "ನೀನೂ ಬಾ. ನಿನ್ನ ಟಿಕೀಟ ನಮ್ಮವರು ತಗಸ್ತಾರ. ನನ್ನ ಜೋಡಿ ಇರು."

"ಕೆಲಸಿಲ್ದ ಹೆಂಗ ಬರ್ಲಿ ಅಕ್ಕಾರ? ಕೈ ಕಟಗೊಂಡು ಕುಂಡ್ರಾಕ ನನಗ ಬರಾಂಗಿಲ್ಲ. ನೀವು ಹೋಗಿ ಬರ್ರಿ" ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಗುತ್ತಲೇ ನಿಂತಳು. ಖಾನಾವಳಿಗೆ ಹೋಗಿ ಒಲೆಯ ಮುಂದೆ ಕೂತಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಮಂದಿ ನೀರು ನೋಡಲು ಹೊರಟರು, ದಾರಿ ತೋರಿಸಿದವಳು ಹೊಗೆ ಕುಡಿಯುತ್ತ ಕೂತಳು ಅನಿಸಿತು. ಅನಿಸಬಾರದೇ? ಅವಳೇನು ಶರಣೆಯೇ?

ರಾತ್ರಿ ಊಟಕ್ಕೆ ಕೂತಾಗ ಧೂಳಪ್ಪ ಅವಳ ಮುಖ ನೋಡಿ, "ಹೋಗಬೇಕಿತ್ತೇನು?" ಎಂದ.

"ಹೂಂರಿ. ಹೋಗಬೇಕಿತ್ತು" ಎಂದಳು. ಅವನ ಮುಂದೆ ಸುಳ್ಳಾಡಿ ಅವಳಿಗೆ ರೂಢಿಯಿರಲಿಲ್ಲ.

ಮೂರನೆಯ ದಿನ ಅವಳಿಗೆ ರಜೆ. ಮಧ್ಯಾಹ್ನ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದಾಗ ಸುರೇಖಾ ಫೋನು ಹಿಡಿದು ಓಡಿ ಬಂದಳು. ಹಡಗು ಗೋವಾದ ದಂಡೆಯ ಹತ್ತಿರ ನಿಂತಿದೆ, ಸಿಗ್ನಲ್ ಹಿಡಿದಿದೆ, ಬಾಳಮ್ಮನವರ ವಿಡಿಯೋ ಕರೆ. ಪುಟ್ಟ ಪರದೆಯಲ್ಲಿ ಅವರ ಮುಖ ಬಂದು ಬಂದು ನಿಲ್ಲುತ್ತಿತ್ತು.

"ಶೇವಂತೆವ್ವ, ಮುಂಜಾನಿಂದ ಕೋಣಿಗೇ ಹೋಗಿಲ್ಲ ನಾ, ಹೊರಗ ಅದೀನಿ!" ಎಂದು ಕೂಗಿದರು. "ಒಬ್ಬಾಕಿನ ಅಡ್ಡಾಡಾಕತ್ತೇನಿ. ನಮ್ಮವರು ಉಂಡು ಮಲಗ್ಯಾರ. ಕೈಯಾಗಿನ ಗುಂಡಿ ಒತ್ತಿದ್ರ ಕುರ್ಚಿ ತಾನ ಹೋಗತೈತಿ, ಇಲ್ಲೇ ಕೊಟ್ಟಾರ. ಆದ್ರ ದಾರಿ ತಪ್ಪೇತಿ. ಒಂಬತ್ತನೇ ಅಂತಸ್ತ ಅಂತ ಲಿಫ್ಟ್ ಹೇಳ್ತು. ನಿನ್ನೆ ಹತ್ತೂದರಾಗ ಕತ್ತಲಾಗಿತ್ತು, ಸಮುದ್ರ ಇನ್ನೂ ನೋಡಿಲ್ಲ. ಇಲ್ಲಿಂದ ಕಾಣೂದು ಎಲ್ಲಿ?"

ಶೇವಂತೆವ್ವ ಸೊಪ್ಪಿನ ಕೈ ಸೀರೆಗೆ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು. ಕಣ್ಣು ಮುಚ್ಚಿದಳು.

"ಲಿಫ್ಟಿಗೆ ಬೆನ್ನು ಮಾಡ್ರಿ. ಬಲಕ್ಕ ಪುಸ್ತಕದ ಕೋಣಿ ಕಾಣ್ತೈತೇನ್ರಿ?"

"ಹೌದು, ಕಾಣ್ತು."

"ಅದನ್ನ ದಾಟ್ರಿ. ಮುಂದ ಎರಡ ದಾರಿ ಆಗ್ತಾವ, ಎಡಕ್ಕ ಹೋಗಬ್ಯಾಡ್ರಿ, ಅಲ್ಲಿ ಬರೇ ಅಂಗಡಿ ಅದಾವ. ಸೀದಾ ಬರ್ರಿ. ಗಾಜಿನ ಬಾಗಲ ಬಂತೇನು?"

"ಬಂತು. ಹಿಡಿಕಿನ ಇಲ್ಲ ಇದಕ್ಕ!"

"ಹತ್ರ ಹೋಗ್ರಿ, ತಾನ ತಗೀತೈತಿ. ಹೋಗ್ರಿ, ಅಂಜಬ್ಯಾಡ್ರಿ."

ಕುರಿಮರಿಗಳು ಕಾಲಿಗೆ ತಿಕ್ಕುತ್ತಿದ್ದವು. ಫೋನಿನಲ್ಲಿ ಒಮ್ಮೆಗೇ ಭೋರೆಂದು ಗಾಳಿಯ ಸದ್ದು ನುಗ್ಗಿತು. ಎಷ್ಟೋ ಹೊತ್ತು ಬಾಳಮ್ಮನವರ ಗಲ್ಲ, ಹಾರುವ ಬಿಳಿಕೂದಲು ಮಾತ್ರ ಕಾಣುತ್ತಿತ್ತು. ಆಮೇಲೆ ಅವರ ಅಳು ಕೇಳಿಸಿತು.

"ಶೇವಂತೆವ್ವ, ಏನಿದು ಇಷ್ಟು ನೀರು! ತಡಿ, ನಿನಗೂ ತೋರಸ್ತೇನಿ" ಎಂದು ಅವರು ಫೋನು ತಿರುಗಿಸಿದರು. ಪರದೆಯ ತುಂಬ ಬಿಸಿಲಿನ ಝಳಪು.

ಶೇವಂತೆವ್ವ ಪರದೆಯಿಂದ ಕಣ್ಣು ತೆಗೆದು ಕುರಿಮರಿಯ ಬೆನ್ನು ಸವರಿದಳು. ಆ ಕಟಕಟೆಯ ಹತ್ತಿರ, ಆ ಬಿಸಿಲಿನಲ್ಲಿ, ತಾನು ನಿಂತಿರಬೇಕಿತ್ತು.

"ನನಗ ತೋರಿಸಬ್ಯಾಡ್ರಿ, ಅಕ್ಕಾರ" ಎಂದಳು. "ಫೋನ್ ಕೆಳಗಿಡ್ರಿ. ನಾ ನೋಡೀನಿ. ನೀವು ನೋಡ್ರಿ."

ಬಾಳಮ್ಮ ಫೋನನ್ನು ತೊಡೆಯ ಮೇಲಿಟ್ಟುಕೊಂಡರು, ಆರಿಸುವುದನ್ನು ಮರೆತರು. ಶೇವಂತೆವ್ವ ಸುರೇಖಾಳ ಫೋನನ್ನು ಕಿವಿಗೆ ಹಿಡಿದುಕೊಂಡು ಕೂತಳು. ಹಡಗು ದಂಡೆ ಬಿಟ್ಟು ಸಿಗ್ನಲ್ ಹೋಗುವವರೆಗೂ ಆ ಸಮುದ್ರದ ಗಾಳಿಯನ್ನು ಕೇಳಿದಳು.